ಏಳು

ಕಣ್ಣು ಸೆಳೆದರೆ ಎದೆ ನಿಲ್ಲುತ್ತದೆ
ಎಂದರೆ ನಗುತ್ತೀರಿ. ಮದುವೆಯೂಟದಲ್ಲಿ
ಮೂರನೇ ಲೋಟ ವೈನು ಎತ್ತಿದವನ ಮಾತು ಅಂದುಕೊಳ್ಳುತ್ತೀರಿ.
ನಾನು ಇಪ್ಪತ್ತಾರು ವರ್ಷದಿಂದ
ಕುತೈಸಿಯ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವಳು.
ನನಗದು ಒಂದು ನರದ ದಾರಿ, ಅಷ್ಟೆ:
ಕಣ್ಣಿನ ಹಿಂದಿಂದ ಹೊರಟು
ಮಿದುಳಿನ ಬುಡದಲ್ಲಿ ಬಂಡಿ ಬದಲಿಸಿ
ಹೃದಯದಲ್ಲಿ ಇಳಿಯುವ
ಟಿಕೆಟ್ಟಿಲ್ಲದ ಪ್ರಯಾಣಿಕ.

ಹುಡುಗಿಯ ಹೆಸರು ಎಲಿಕೊ. ಆರು ವರ್ಷ, ಹತ್ತೊಂಬತ್ತು ಕಿಲೋ.
ಬಲಗಣ್ಣು ಸದಾ ಮೂಗಿನ ಕಡೆಗೇ ವಾಲಿರುತ್ತಿತ್ತು,
ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುವವರಂತೆ.
"ಗುಡ್ಡದ ಮೇಲಿನ ಚರ್ಚು, ಒಲೆ ಮೇಲಿನ ಹಾಲು
ಎರಡನ್ನೂ ಒಟ್ಟಿಗೇ ಕಾಯ್ತೀಯಲ್ಲೇ ಅಂತಾಳೆ ಅಜ್ಜಿ"
ಎಂದಳು, ಮಾಸ್ಕಿನೊಳಗಿಂದ.
ಹತ್ತರಿಂದ ಹಿಂದಕ್ಕೆ ಎಣಿಸು ಎಂದೆ.
ಹತ್ತು, ಒಂಬತ್ತು, ಎಂಟು.
ಏಳನ್ನು ನುಂಗಿ ಮಲಗಿದಳು.

ನೊದಾರ್ ಗುನುಗುತ್ತಾ ಕತ್ತರಿಸುವವನು, ಅವತ್ತೂ ಗುನುಗುತ್ತಿದ್ದ.
ಜಡೆಗೆ ಕಟ್ಟುವ ರಿಬ್ಬನ್ನಿನಂಥ ಸ್ನಾಯು,
ಅದರಡಿ ಕೊಕ್ಕೆ ತೂರಿಸಿ
ಮೆಲ್ಲಗೆ ಎಳೆದ.

ನಾನು ನೋಡಲಿಲ್ಲ, ಮೊದಲು ಕೇಳಿದೆ.
ಮಾನಿಟರಿನೊಳಗೆ ಓಡುತ್ತಿದ್ದ ಪುಟ್ಟ ಹೆಜ್ಜೆಗಳು
ನೂರಹತ್ತು, ಎಪ್ಪತ್ತೆರಡು,
ಚಪ್ಪಲಿ ಕಳಚಿ ಹೊಸ್ತಿಲಲ್ಲಿ ಅನುಮಾನಿಸಿದ ಹಾಗೆ
ಮೂವತ್ತೊಂದು.
ಆಮೇಲೆ ಯಾರೂ ನಡೆಯಲಿಲ್ಲ.

ಬಿಡು, ನೊದಾರ್.

ಗುನುಗು ನಿಂತಿತು. ಕೈ ಹಿಡಿದೇ ಇತ್ತು.
ಕುಶಲ ಕೈಗಳಿಗೆ ಕಿವಿ ಕೊಂಚ ದೂರ.

ಬಿಡು ಅಂದೆನಲ್ಲ!

ಬಿಟ್ಟ. ಸಾಮಾನ್ಯವಾಗಿ ಅಷ್ಟು ಸಾಕು,
ಬಿಡುವುದೇ ಮದ್ದು. ಅವತ್ತು ಸಾಕಾಗಲಿಲ್ಲ.
ಹಸಿರು ಗೆರೆ ಮಲಗಿಯೇ ಇತ್ತು,
ಇಸ್ತ್ರಿ ಹಾಕಿದಷ್ಟು ನೆಟ್ಟಗೆ.

ಅಟ್ರೋಪಿನ್ನನ್ನು ಬೆಳಿಗ್ಗೆಯೇ ಸಿರಿಂಜಿಗೆ ಎಳೆದು
ಚೀಟಿ ಅಂಟಿಸಿ, ಪ್ರಮಾಣ ಬರೆದು ಇಟ್ಟಿದ್ದೆ.
(ದಿನಾ ಇಡುತ್ತೇನೆ. ದಿನಾ ಸಂಜೆ ಚೆಲ್ಲುತ್ತೇನೆ.
ಲೆಕ್ಕಪತ್ರದವರು ಅದಕ್ಕೂ ಕಾರಣ ಕೇಳಿ ಬರೆದಿದ್ದಾರೆ.)
ಕೇಳುವ ಮೊದಲೇ ಮ್ಜಿಯಾ ಕೈಗಿಟ್ಟಳು.
ತಳ್ಳಿದೆ. ಅದರ ಬೆನ್ನಿಗೇ ಸಲೈನ್.
ಆದರೆ ನಿಂತ ಹೊಳೆಯಲ್ಲಿ ದೋಣಿ ಎಲ್ಲಿಗೆ ಹೋದೀತು?
ಹಸಿರು ಬಟ್ಟೆಯಡಿ ಕೈ ತೂರಿಸಿ
ನಾನೇ ಹರಿವಾದೆ.
ಒಂದು. ಎರಡು. ಹೊಸದಾಗಿ ಹೆಣೆದ ಬುಟ್ಟಿಯಂತೆ
ಬಾಗಿ ಬಾಗಿ ಎದ್ದವು ಪಕ್ಕೆಲುಬು.
ಐದು. ಆರು.
ಏಳು
ಎಂದೆ. ಎಣಿಸಿದ್ದೋ, ಕರೆದದ್ದೋ
ಈಗಲೂ ತಿಳಿಯದು.

ಟಿಕ್.

ಮತ್ತೊಂದು. ಆಮೇಲೆ ಶಾಲೆ ಬಿಟ್ಟ ಮಕ್ಕಳಂತೆ
ಒಂದರ ಮೇಲೊಂದು, ನೂರನಲವತ್ತು.
ಮ್ಜಿಯಾ ಗಡಿಯಾರ ನೋಡಿ ಬರೆದಳು: ಹನ್ನೊಂದು ಸೆಕೆಂಡು.
ನನ್ನ ಮೊಣಕಾಲು ಆಗ ನಡುಗಲು ಶುರುವಾಯಿತು,
ಅದಕ್ಕೂ ಶಿಸ್ತಿದೆ.

ಕಷ್ಟದ್ದು ಇನ್ನೂ ಬಾಕಿ ಇತ್ತು. ಅರ್ಧ ಬಿಚ್ಚಿದ ಕಣ್ಣನ್ನು
ಹಾಗೇ ಮುಚ್ಚಿ ಮನೆಗೆ ಕಳಿಸಲಾಗದು,
ಅದೇ ಸ್ನಾಯುವನ್ನು ಮತ್ತೆ ಎಳೆಯಬೇಕು.
ಸ್ನಾಯುವಿನ ಮೇಲೆ ಮರಗಟ್ಟಿಸುವ ಮದ್ದು ಹನಿಸಿ
ನೊದಾರ್ ನನ್ನ ಮುಖ ನೋಡಿದ,
ರಸ್ತೆ ದಾಟಲೇ ಎಂದು ಕೇಳುವ ಹುಡುಗನ ಹಾಗೆ.
ಹೂಂ ಎಂದೆ.
ಉಳಿದ ಇಪ್ಪತ್ತು ನಿಮಿಷ ಯಾರೂ ಗುನುಗಲಿಲ್ಲ,
ಅವಳ ಹೃದಯವೊಂದನ್ನು ಬಿಟ್ಟು.

ತಾಯಿ ತ್ಸಿಯಾಲ, ಸಂತೆಯಲ್ಲಿ ಅಕ್ರೋಟು ಮಾರುವವಳು,
ಬೆರಳೆಲ್ಲ ಸಿಪ್ಪೆಯ ಕಪ್ಪು.
ಅಡಗಿಸದೆ ಹೇಳಿದೆ. ಎಷ್ಟು ಹೊತ್ತಿಗೆ ಎಂದಳು.
ಹತ್ತೂ ಇಪ್ಪತ್ತು ಎಂದೆ.
"ಆಗ ಕೆಳಗೆ ಕಿಟಕಿ ಹತ್ತಿರ
ಚಿಲ್ಲರೆ ಕಡಿಮೆ ಕೊಟ್ಟನೆಂದು ಗುಮಾಸ್ತನ ಮೇಲೆ ಕೂಗಾಡ್ತಿದ್ದೆ.
ಗೆದ್ದೆ ಕೂಡ" ಎಂದವಳು
ಮುಷ್ಟಿ ಬಿಚ್ಚಿ ನಾಣ್ಯ ತೋರಿಸಿ
ಅತ್ತಳು.

ನವೆಂಬರಿನಲ್ಲಿ ತೋರಿಸಿಕೊಳ್ಳಲು ಬಂದರು.
ನಡುಕೋಣೆಯ ಬೆಂಚಿನಿಂದ ಎಲಿಕೊ
ಎರಡೂ ಕಣ್ಣು ಕೂಡಿಸಿ
ನನ್ನನ್ನೇ ನೆಟ್ಟಗೆ ನೋಡಿದಳು, ಯಾರೋ ಏನೋ ಎಂಬಂತೆ,
ರೆಪ್ಪೆ ಬಡಿಯದೆ.

ಮೊದಲು ನೋಟ ತಪ್ಪಿಸಿದವಳು ನಾನು.